ಅಪ್ಪನ ಹೆಬ್ಬೆಟ್ಟು

ಮೂರನೇ ಸೆಮ್ ರಿಸಲ್ಟ್ ಬಂದ ರಾತ್ರಿ ಹಾಸ್ಟೆಲ್ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸೈಟ್ ಓಪನ್ ಆಗಲ್ಲ. ಯಾರೋ ಒಬ್ಬನ ಫೋನಿನಲ್ಲಿ ಮಾತ್ರ ಆಗುತ್ತೆ. ಇಡೀ ಫ್ಲೋರ್‌ನ ಯುಎಸ್‌ಎನ್‌ಗಳು ಅವನ ರೂಮಿಗೆ ಹೋಗುತ್ತವೆ. ನನ್ನದೂ ಹೋಯಿತು. ಐದು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಬಂತು. ಒಂದು ಬಿಟ್ಟು ಎಲ್ಲದರಲ್ಲೂ ಪಾಸು. ಆ ಒಂದು, ಎಲೆಕ್ಟ್ರಿಕ್ ಸರ್ಕ್ಯೂಟ್ ಅನಾಲಿಸಿಸ್.

ಒಂದು ಬ್ಯಾಕ್ ಏನು ದೊಡ್ಡ ವಿಷಯ ಅಲ್ಲ ಅಂತ ಸೀನಿಯರ್‌ಗಳು ಹೇಳ್ತಾರೆ. ಇರಬಹುದು. ಆದರೆ ನಮ್ಮಪ್ಪ ಆಟೋ ಎಲೆಕ್ಟ್ರಿಷಿಯನ್. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ, ಹೈವೇ ಪಕ್ಕ ನಮ್ಮದೊಂದು ಶೆಡ್ ಇದೆ. ಲಾರಿ, ಟ್ರ್ಯಾಕ್ಟರ್, ಗೂಡ್ಸ್ ಆಟೋಗಳ ವೈರಿಂಗ್, ಬ್ಯಾಟರಿ, ಸೆಲ್ಫ್ ಮೋಟಾರ್ ಕೆಲಸ. ಇಪ್ಪತ್ತೈದು ವರ್ಷದಿಂದ ಕೈಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಎಲ್ಲಿ ಕರೆಂಟ್ ಬರ್ತಿದೆ, ಎಲ್ಲಿ ಬರ್ತಿಲ್ಲ ಅಂತ ಹುಡುಕುತ್ತಿರೋ ಮನುಷ್ಯನ ಮಗ ಸರ್ಕ್ಯೂಟ್‌ನಲ್ಲೇ ಫೇಲ್. ಫೋನ್ ಮಾಡಿ ಬಾಯಿಬಿಟ್ಟು ಹೇಳೋಕೆ ನನಗೆ ಧೈರ್ಯ ಬರಲಿಲ್ಲ.

ಹಾಗಾಗಿ ವಾಟ್ಸಾಪ್‌ನಲ್ಲಿ ಬರೆದೆ. ಇಂಗ್ಲಿಷ್‌ನಲ್ಲಿ. ಒಂದು ಸ್ಕ್ರೀನ್ ತುಂಬಿ ಎರಡನೇದಕ್ಕೆ ಹೋಯಿತು. ಇಂಟರ್ನಲ್ಸ್ ಚೆನ್ನಾಗಿತ್ತು, ಪೇಪರ್ ಉದ್ದ ಇತ್ತು, ಎರಡು ಪ್ರಾಬ್ಲಮ್ ಅರ್ಧಕ್ಕೆ ಬಿಟ್ಟೆ, ಮುಂದಿನ ಸಲ ಖಂಡಿತ ಕ್ಲಿಯರ್ ಮಾಡ್ತೀನಿ, ಅಜ್ಜಿಗೆ ಹೇಳಬೇಡಿ, ಸಾರಿ. ರಾತ್ರಿ 11.52ಕ್ಕೆ ಕಳಿಸಿ ಫೋನ್ ಮಗುಚಿ ಇಟ್ಟೆ. ಬೆಳಗ್ಗೆ ಎದ್ದು ನೋಡಿದರೆ 5.40ಕ್ಕೆ ಉತ್ತರ ಬಂದಿತ್ತು.

ಒಂದು ಹಳದಿ ಹೆಬ್ಬೆರಳು. ಅಷ್ಟೇ.

ಅದನ್ನು ಎಷ್ಟು ಹೊತ್ತು ನೋಡಿದೆ ಅಂತ ಗೊತ್ತಿಲ್ಲ. ರೂಮ್‌ಮೇಟ್‌ಗೆ ತೋರಿಸಿದೆ. ಅವನು ಫೋನ್ ಕೈಗೆ ತಗೊಂಡು ನೋಡಿ, "ಮಗಾ, ನಿಮ್ಮಪ್ಪ ಫುಲ್ ಗರಂ" ಅಂದ. ನನಗೂ ಹಾಗೇ ಅನ್ನಿಸಿತ್ತು. ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಯಾರಿಗಾದರೂ ಬರೀ ಹೆಬ್ಬೆರಳು ಕಳಿಸಿದರೆ ಅರ್ಥ ಏನು ಅಂತ ನಿಮಗೂ ಗೊತ್ತು. 'ನೋಡಿದೆ, ಇನ್ನು ಮಾತಾಡೋಕೆ ಇಷ್ಟ ಇಲ್ಲ, ಮುಗಿಸು.' ಜಗಳ ಆಡಿದ ಮೇಲೆ ಕಳಿಸೋ ಚಿತ್ರ ಅದು. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಏನೂ ಕೆಲಸ ಮಾಡದವನು ಕೊನೆಗೆ ಹಾಕೋ ಚಿತ್ರ ಅದು. ನಾನು ಎರಡು ಸ್ಕ್ರೀನ್ ಬರೆದಿದ್ದೆ, ಅಪ್ಪ ಒಂದು ಬೆರಳು ತೋರಿಸಿದ್ದರು.

ಆಮೇಲೆ ಒಂಬತ್ತು ದಿನ ನಾನು ಮನೆಗೆ ಫೋನ್ ಮಾಡಲಿಲ್ಲ. ಅಮ್ಮ ಮಾಡಿದಾಗ ಊಟ ಆಯ್ತು, ಕ್ಲಾಸ್ ಇದೆ, ಅಂತ ಇಟ್ಟುಬಿಟ್ಟೆ.

ಆ ಒಂಬತ್ತು ದಿನದಲ್ಲಿ ನಾನು ಸರ್ಕ್ಯೂಟ್ ಓದಬೇಕಿತ್ತು. ಓದಿದ್ದು ಎಮೋಜಿ ಬಗ್ಗೆ. ಮೊದಲು ಸುಮ್ಮನೆ ಹೆಬ್ಬೆರಳಿಗೆ ಬೇರೆ ಅರ್ಥ ಏನಾದರೂ ಇದೆಯಾ ಅಂತ ಹುಡುಕಿದೆ, ಹುಡುಕ್ತಾ ಹೋದಂಗೆ ಮಜಾ ಸಿಕ್ಕಿತು.

ಈ ಸಮಸ್ಯೆ ನನ್ನ ಅಪ್ಪನಿಂದ ಶುರು ಆಗಿದ್ದಲ್ಲ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ನಮ್ಮ ತರದ ಜನರ ಮಧ್ಯೆನೇ ಇದು ಬಂದಿತ್ತು. ಅಲ್ಲಿನ ಕಂಪ್ಯೂಟರ್ ಸೈನ್ಸ್‌ನವರು ಕಂಪ್ಯೂಟರ್‌ನಲ್ಲೇ ಒಂದು ನೋಟಿಸ್ ಬೋರ್ಡ್ ಇಟ್ಟುಕೊಂಡಿದ್ದರು. ಬೀಳುತ್ತಿರೋ ಲಿಫ್ಟ್‌ನಲ್ಲಿ ಪಾದರಸದ ಹನಿ ಇದ್ದರೆ ಏನಾಗುತ್ತೆ ಅಂತ ಒಂದು ಫಿಸಿಕ್ಸ್ ಚರ್ಚೆ ನಡೀತಿತ್ತು. ಯಾರೋ ತಮಾಷೆಗೆ 'ಪ್ರಯೋಗ ಮಾಡಲು ಹೋಗಿ ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ' ಅನ್ನೋ ತರ ಬರೆದ. ಕೆಲವರು ನಿಜ ಅಂತ ನಂಬಿಬಿಟ್ಟರು. ಆಗ ಸ್ಕಾಟ್ ಫಾಲ್ಮನ್ ಅನ್ನೋರು ಸೆಪ್ಟೆಂಬರ್ 19ರಂದು ಒಂದು ಸಲಹೆ ಕೊಟ್ಟರು. ತಮಾಷೆಗೆ ಬರೆದಿದ್ದಕ್ಕೆಲ್ಲ ಕೋಲನ್, ಗೆರೆ, ಮುಚ್ಚೋ ಬ್ರ್ಯಾಕೆಟ್ ಹಾಕಿ. ತಲೆ ಪಕ್ಕಕ್ಕೆ ವಾಲಿಸಿ ನೋಡಿದರೆ ನಗೋ ಮುಖ. ತಮಾಷೆ ಅಲ್ಲದ್ದಕ್ಕೆ ಬ್ರ್ಯಾಕೆಟ್ ತಿರುಗಿಸಿ ಹಾಕಿ. ಅಂದರೆ ಎಂಜಿನಿಯರ್‌ಗಳು ಒಬ್ಬರ ಮಾತಿನ ಧಾಟಿ ಇನ್ನೊಬ್ಬರಿಗೆ ಗೊತ್ತಾಗದೆ ಒದ್ದಾಡಿ, ಕೊನೆಗೆ ಅದಕ್ಕೊಂದು ಲೇಬಲ್ ಕಂಡುಹಿಡಿದರು.

ಬಣ್ಣದ ಚಿತ್ರಗಳ ಕಥೆ ಜಪಾನಿನದು. ಎಮೋಜಿ ಅನ್ನೋ ಪದ ಇಂಗ್ಲಿಷ್‌ನ ಎಮೋಷನ್‌ನಿಂದ ಬಂತು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಜಪಾನಿ ಭಾಷೆಯಲ್ಲಿ 'ಎ' ಅಂದರೆ ಚಿತ್ರ, 'ಮೋಜಿ' ಅಂದರೆ ಅಕ್ಷರ. ಚಿತ್ರಾಕ್ಷರ. ನಮ್ಮ ಮೋಜಿಗೂ ಅದಕ್ಕೂ ಸಂಬಂಧ ಇಲ್ಲ. 1999ರಲ್ಲಿ ಶಿಗೆತಾಕಾ ಕುರಿತಾ ಅನ್ನೋರು ಡೊಕೊಮೊ ಮೊಬೈಲ್ ಕಂಪನಿಗೆ 176 ಚಿತ್ರಗಳ ಒಂದು ಸೆಟ್ ಮಾಡಿಕೊಟ್ಟರು. ಒಂದೊಂದಕ್ಕೂ ಅಡ್ಡ 12, ಉದ್ದ 12, ಒಟ್ಟು 144 ಚುಕ್ಕಿ. ನಮ್ಮಜ್ಜಿ ರಂಗೋಲಿಗೆ ಚುಕ್ಕಿ ಲೆಕ್ಕ ಹಾಕೋ ಹಾಗೆ ಅವರೂ ಚುಕ್ಕಿ ಲೆಕ್ಕದಲ್ಲೇ ಬಿಸಿಲು, ಮಳೆ, ರೈಲು, ಹೃದಯ ಎಲ್ಲಾ ಕೂರಿಸಿದ್ದರು. 2016ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ ಸೆಟ್ಟನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

2010ರಲ್ಲಿ ಯೂನಿಕೋಡ್ ಎಮೋಜಿಗಳನ್ನು ದೊಡ್ಡ ಸಂಖ್ಯೆಯಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಕನ್ನಡ ಅಕ್ಷರಗಳಿರೋದೂ ಅದೇ ಪಟ್ಟಿಯಲ್ಲಿ. ಫಸ್ಟ್ ಇಯರ್‌ನಲ್ಲಿ ಕಲಿತ ಪೈಥಾನ್ ನೆನಪಿದ್ದರೆ 'ಆರ್ಡ್' ಫಂಕ್ಷನ್‌ಗೆ ಒಂದು 'ಕ' ಕೊಟ್ಟು ನೋಡಿ, 3221 ಅಂತ ಬರುತ್ತೆ. ಹೆಬ್ಬೆರಳು ಕೊಟ್ಟರೆ 128077. ಕಣ್ಣೀರು ಬರೋ ಹಾಗೆ ನಗೋ ಮುಖ ಕೊಟ್ಟರೆ 128514. ಫೋನಿನಿಂದ ಫೋನಿಗೆ ಹೋಗೋದು ಈ ನಂಬರ್ ಮಾತ್ರ. ಅಪ್ಪ ಅವತ್ತು ಬೆಳಗ್ಗೆ 5.40ಕ್ಕೆ ನನಗೆ ಕಳಿಸಿದ್ದು 128077. ಅದಕ್ಕೆ ಕೋಪ ಸೇರಿಸಿದ್ದು ಯಾರು? ಈ ಪ್ರಶ್ನೆ ಆಗ ನನಗೆ ಹೊಳೀಲಿಲ್ಲ.

ಚಿತ್ರ ಬಿಡಿಸೋ ಕೆಲಸ ಆಯಾ ಕಂಪನಿಯದು. ಹಾಗಾಗಿ ಒಂದೇ ನಂಬರ್ ಒಂದೊಂದು ಫೋನಿನಲ್ಲಿ ಒಂದೊಂದು ತರ ಕಾಣುತ್ತೆ. ಪಿಸ್ತೂಲಿನ ಎಮೋಜಿಯನ್ನು ಆಪಲ್‌ನವರು 2016ರಲ್ಲಿ ನೀರು ಹಾರಿಸೋ ಆಟಿಕೆ ಗನ್ ಮಾಡಿದರು. ಬೇರೆ ದೊಡ್ಡ ಕಂಪನಿಗಳು ಬದಲಾಯಿಸಿದ್ದು 2018ರಲ್ಲಿ. ಆ ನಡುವೆ ಒಬ್ಬ ತಮಾಷೆಗೆ ನೀರಿನ ಗನ್ ಕಳಿಸಿದರೆ ಇನ್ನೊಬ್ಬನಿಗೆ ನಿಜವಾದ ಪಿಸ್ತೂಲ್ ತಲುಪುತ್ತಿತ್ತು. ಇದು ಗೊತ್ತಾದ ಮೇಲೆ ಈ ಬರಹದಲ್ಲಿ ಒಂದೂ ಎಮೋಜಿ ಹಾಕಬಾರದು ಅಂತ ತೀರ್ಮಾನಿಸಿದೆ. ನಾನು ಹಾಕಿದ್ದೇ ನಿಮಗೆ ಕಾಣುತ್ತೆ ಅಂತ ಏನು ಗ್ಯಾರಂಟಿ?

ಚಿತ್ರ ಒಂದೇ ತರ ಕಂಡರೂ ಕಷ್ಟ ತಪ್ಪಲ್ಲ. 2016ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದವರು ಜನರಿಗೆ ಎಮೋಜಿಗಳನ್ನು ತೋರಿಸಿ ಇದು ಖುಷಿಯದಾ, ಬೇಸರದ್ದಾ ಅಂತ ಕೇಳಿದ್ದರು. ಒಂದೇ ಕಂಪನಿಯ ಒಂದೇ ಚಿತ್ರ ನೋಡಿದವರಲ್ಲೂ ಒಮ್ಮತ ಇರಲಿಲ್ಲ. ಹಲ್ಲು ಬಿಟ್ಟು ನಗೋ ಒಂದು ಮುಖ ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು.

ನಮ್ಮ ಮನೆಯಲ್ಲೇ ಇದಕ್ಕಿಂತ ಒಳ್ಳೆ ಪ್ರಯೋಗ ನಡೆದಿದೆ. ಫ್ಯಾಮಿಲಿ ಗ್ರೂಪ್‌ನಲ್ಲಿ ಚಿಕ್ಕಪ್ಪ ತನ್ನ ಹಳೇ ಫೋಟೋ ಒಂದನ್ನು ಹಾಕಿದ್ದರು. ಉದ್ದ ಕೂದಲು, ಬೆಲ್ ಬಾಟಮ್ ಪ್ಯಾಂಟ್, ಪಕ್ಕದಲ್ಲಿ ಸ್ಕೂಟರ್. ನನ್ನ ಕಸಿನ್ ಅದರ ಕೆಳಗೆ ಮೂರು ತಲೆಬುರುಡೆ ಹಾಕಿದಳು. ನಮಗೆಲ್ಲ ತಲೆಬುರುಡೆ ಅಂದರೆ ನಕ್ಕು ನಕ್ಕು ಸತ್ತೆ ಅಂತ. ಎರಡು ನಿಮಿಷಕ್ಕೆ ದೊಡ್ಡಮ್ಮ ಗಾಬರಿಯಿಂದ ಫೋನ್ ಮಾಡಿದರು. "ಚಿಕ್ಕಪ್ಪಂಗೆ ಏನಾಯ್ತೇ?" ಅವಳು ನಗು ತಡ್ಕೊಂಡು ಏನೂ ಆಗಿಲ್ಲ ದೊಡ್ಡಮ್ಮ ಅಂದರೂ ಅವರಿಗೆ ಸಮಾಧಾನ ಆಗಲಿಲ್ಲ. "ಬದುಕಿರೋ ಮನುಷ್ಯನ ಫೋಟೋ ಕೆಳಗೆ ಬುರುಡೆ ಹಾಕ್ತೀಯಲ್ಲ, ಅಪಶಕುನ" ಅಂತ ಬೈದರು. ನಾವು ವಾರಗಟ್ಟಲೆ ನಕ್ಕೆವು. ದೊಡ್ಡಮ್ಮನಿಗೆ ಎಮೋಜಿ ಓದೋಕೆ ಬರಲ್ಲ ಅಂತ ನಕ್ಕೆವು. ನಮಗೂ ಅವರದ್ದು ಓದೋಕೆ ಬರಲ್ಲ ಅಂತ ಯಾರಿಗೂ ಅನ್ನಿಸಲಿಲ್ಲ.

ಈಗ ಇನ್ನೊಂದು ಪ್ರಶ್ನೆ. ಅಷ್ಟು ಗೊಂದಲ ಇದ್ದರೂ ನಮಗೆ ಎಮೋಜಿ ಯಾಕೆ ಬೇಕು? ಹತ್ತನೇ ಕ್ಲಾಸ್‌ವರೆಗೆ ಓದಿದ ಕನ್ನಡ ವ್ಯಾಕರಣ ಇಲ್ಲಿ ನನಗೆ ಅಚಾನಕ್ಕಾಗಿ ಉಪಯೋಗಕ್ಕೆ ಬಂತು. ಅಯ್ಯೋ, ಆಹಾ, ಛೆ, ಇವೆಲ್ಲ ಭಾವಸೂಚಕ ಅವ್ಯಯ ಅಂತ ಬಾಯಿಪಾಠ ಮಾಡಿದ್ದೆವು. ಲಿಂಗ, ವಚನ, ವಿಭಕ್ತಿ ಏನೂ ಹತ್ತದೆ, ವಾಕ್ಯಕ್ಕೆ ಬರೀ ಭಾವ ಸೇರಿಸೋ ಪದಗಳು. ಯೋಚಿಸಿ ನೋಡಿ, ನಗೋ ಮುಖದ ಎಮೋಜಿ ಮಾಡೋದೂ ಅದೇ ಕೆಲಸ.

ಅಷ್ಟೇ ಅಲ್ಲ. ನಾವು ಮಾತಾಡೋ ಕನ್ನಡದಲ್ಲಿ ಪ್ರತಿ ಮಾತಿಗೂ ಒಂದು ಬಾಲ ಇರುತ್ತೆ. 'ಆಯ್ತು' ಅನ್ನೋ ಒಂದೇ ಪದ ತಗೊಳ್ಳಿ. 'ಆಯ್ತಪ್ಪ' ಅಂದರೆ ನಾನು ಸೋತೆ, ನೀನು ಹೇಳಿದಂಗೇ ಆಗಲಿ. 'ಆಯ್ತು ಕಣೋ' ಅಂದರೆ ನೀನು ನನ್ನವನು, ಚಿಂತೆ ಬಿಡು. 'ಆಯ್ತು ಮಾರಾಯ' ಅಂದರೆ ಸಾಕು, ಇನ್ನು ತಲೆ ತಿನ್ನಬೇಡ. 'ಆಯ್ತಂತೆ' ಅಂದರೆ ನಾನು ನೋಡಿಲ್ಲ, ಬೇರೆಯವರು ಹೇಳಿದ್ದು. 'ಆಯ್ತು ಬಿಡು' ಇನ್ನೂ ಮಜಾ, ಸಮಾಧಾನಕ್ಕೂ ಅದೇ, ಬೇಜಾರಿಗೂ ಅದೇ. ಬರೀ 'ಆಯ್ತು' ಅಂದರೆ ಸ್ವಲ್ಪ ಹುಷಾರಾಗಿರಬೇಕು.

ಇಂಗ್ಲಿಷ್‌ನಲ್ಲಿ ನಾವು ಟೈಪ್ ಮಾಡೋ 'ಓಕೆ'ಗೆ ಈ ಬಾಲ ಇಲ್ಲ. ಇಂಗ್ಲಿಷ್ ಮಾತೃಭಾಷೆ ಆದವರಿಗೆ ಬೇರೆ ದಾರಿ ಇರಬಹುದು, ನನ್ನ ಸ್ಕೂಲ್ ಇಂಗ್ಲಿಷ್‌ನಲ್ಲಿ ಇಲ್ಲ. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದೆ, ಅದರಲ್ಲಿ ಪರೀಕ್ಷೆ ಬರೀತೀನಿ, ರೆಕಾರ್ಡ್ ಬರೀತೀನಿ, ಆದರೆ ಅದರಲ್ಲಿ ಯಾರನ್ನೂ ಸಮಾಧಾನ ಮಾಡಿಲ್ಲ, ಯಾರನ್ನೂ ಗೋಗರೆದಿಲ್ಲ. ಹಾಗಾಗಿ ಬಾಲ ಇಲ್ಲದ ವಾಕ್ಯಕ್ಕೆ ಹಳದಿ ಮುಖ ಅಂಟಿಸ್ತೀವಿ. ಅಂಟಿಸದಿದ್ದರೆ ಜಗಳ. ಬರೀ 'ಕೆ' ಅಂತ ಬಂದರೆ ಇವನಿಗೆ ಏನಾಯ್ತು ಅಂತ ಮೂರು ಜನ ಕೇಳ್ತಾರೆ. ಫ್ರೆಂಡ್ಸ್ ಗ್ರೂಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಾದರೂ 'ಮಗಾ, ಅಸೈನ್‌ಮೆಂಟ್ ಕಳ್ಸೋ' ಅಂತ ಕನ್ನಡ ಟೈಪ್ ಮಾಡೋದು ಅದಕ್ಕೇ ಇರಬೇಕು. ಆ 'ಮಗಾ', ಆ 'ಓ' ಇಲ್ಲದಿದ್ದರೆ ಅದು ಆಫೀಸಿನ ನೋಟಿಸ್ ತರ ಕಾಣುತ್ತೆ.

ಆದರೆ ಅಪ್ಪನಿಗೆ ಬರೆದಾಗ ನಾನು ಬಾಲ ಎಲ್ಲಾ ಕತ್ತರಿಸಿ ಹಾಕಿದ್ದೆ. ಇಂಟರ್‌ವ್ಯೂಗೆ ಇಸ್ತ್ರಿ ಶರ್ಟ್ ಹಾಕೋ ಹಾಗೆ ಇಂಗ್ಲಿಷ್ ಹಾಕಿಕೊಂಡು ಬರೆದಿದ್ದೆ. ಕನ್ನಡದಲ್ಲಿ 'ಅಪ್ಪ, ನಾನು ಫೇಲಾದೆ' ಅಂತ ಬರೆಯೋಕೆ ಹೋದರೆ ಅಳು ಬರುತ್ತಿತ್ತು. ಇಂಗ್ಲಿಷ್‌ನಲ್ಲಿ ಅದು ಬೇರೆ ಯಾರದೋ ರಿಪೋರ್ಟ್ ತರ ಇತ್ತು. ನಾನು ಅಪ್ಪನಿಗೆ ಕನ್ನಡದಲ್ಲಿ ಬರೆದಿರೋ ಪತ್ರ ಅಂದರೆ ಪರೀಕ್ಷೆಯಲ್ಲಿ ಬರೆದದ್ದೇ. ತೀರ್ಥರೂಪು ತಂದೆಯವರಿಗೆ ನಮಸ್ಕಾರಗಳು, ನಾನು ಇಲ್ಲಿ ಕ್ಷೇಮ, ಪ್ರವಾಸಕ್ಕೆ ಹಣ ಕಳಿಸಿ. ಅಂಕ ಬಂತು. ಅಪ್ಪನಿಗೆ ಆ ಪತ್ರ ಯಾವತ್ತೂ ತಲುಪಲಿಲ್ಲ.

ಹೆಬ್ಬೆರಳಿನ ಬಗ್ಗೆ ಓದುವಾಗ ಕೆನಡಾದ ಒಂದು ಕೇಸ್ ಸಿಕ್ಕಿತು. ಸಸ್ಕಾಚುವಾನ್ ಅನ್ನೋ ಪ್ರಾಂತ್ಯ. 2021ರಲ್ಲಿ ಧಾನ್ಯ ಕೊಳ್ಳೋ ಕಂಪನಿಯವರು ಅಗಸೆ ಖರೀದಿಯ ಕರಾರು ಪತ್ರದ ಫೋಟೋ ತೆಗೆದು ಒಬ್ಬ ರೈತನ ಫೋನಿಗೆ ಕಳಿಸಿ, ದಯವಿಟ್ಟು ಖಚಿತಪಡಿಸಿ ಅಂದರು. ಆತ ಹೆಬ್ಬೆರಳಿನ ಎಮೋಜಿ ಕಳಿಸಿದ. ಅಗಸೆ ಮಾತ್ರ ಕೊಡಲಿಲ್ಲ. ಕೋರ್ಟಿನಲ್ಲಿ ಆತ ಹೇಳಿದ್ದು, 'ಕರಾರು ಬಂದು ತಲುಪಿತು ಅಂತ ಅಷ್ಟೇ ನಾನು ಹೇಳಿದ್ದು, ಒಪ್ಪಿದೆ ಅಂತ ಅಲ್ಲ.' 2023ರಲ್ಲಿ ಜಡ್ಜ್ ಅದನ್ನು ಒಪ್ಪಲಿಲ್ಲ, ಹೆಬ್ಬೆರಳು ಸಹಿಗೆ ಸಮ ಅಂದರು. ರೈತ 82,000ಕ್ಕೂ ಹೆಚ್ಚು ಕೆನಡಾ ಡಾಲರ್ ಕಟ್ಟಬೇಕಾಯಿತು. 2024ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಉಳಿಯಿತು.

ನನಗೆ ಇಂಟರೆಸ್ಟಿಂಗ್ ಅನ್ನಿಸಿದ್ದು ಜಡ್ಜ್ ಆ ತೀರ್ಮಾನಕ್ಕೆ ಬಂದ ದಾರಿ. ಎಮೋಜಿಯ ಅರ್ಥ ಡಿಕ್ಷನರಿಯಲ್ಲಿ ಏನಿದೆ ಅಂತಲೂ ನೋಡಿದರು, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಆ ಇಬ್ಬರ ಹಳೇ ವ್ಯವಹಾರ ನೋಡಿದರು. ಹಿಂದಿನ ಕರಾರುಗಳಿಗೂ ಆ ರೈತ ಫೋನಿನಲ್ಲೇ 'ಓಕೆ', 'ಯಪ್' ಅಂತ ಒಂದೊಂದು ಪದ ಕಳಿಸಿ, ಮಾತಿನಂತೆ ಧಾನ್ಯ ಕೊಟ್ಟಿದ್ದ. ಹಾಗಾಗಿ ಈ ಹೆಬ್ಬೆರಳೂ ಅದೇ ಸಾಲಿನದ್ದು ಅಂದರು. ಅಂದರೆ ಚಿತ್ರದ ಅರ್ಥ ಚಿತ್ರದಲ್ಲಷ್ಟೇ ಇರಲಿಲ್ಲ. ಅವರಿಬ್ಬರ ನಡುವೆ ಅಲ್ಲಿವರೆಗೆ ಏನು ನಡೆದಿತ್ತೋ ಅದರಲ್ಲಿತ್ತು.

ಸಹಿಗೆ ಸಮ ಅಂತ ಓದಿದಾಗ ನನಗೆ ಅಜ್ಜಿ ನೆನಪಾದಳು. ಅಜ್ಜಿಗೆ ಓದು ಬರಹ ಬರಲ್ಲ. ಬ್ಯಾಂಕಿನಲ್ಲಾಗಲಿ, ಸೊಸೈಟಿಯಲ್ಲಾಗಲಿ ಅವಳು ಒತ್ತೋದು ಹೆಬ್ಬೆಟ್ಟು. ಇಂಕ್ ಪ್ಯಾಡ್ ಮೇಲೆ ಬೆರಳು ಉಜ್ಜಿ, ಕಾಗದದ ಮೇಲೆ ಒತ್ತಿ, ಆಮೇಲೆ ತಲೆಗೂದಲಿಗೆ ಒರೆಸಿಕೊಳ್ತಾಳೆ. ಕೆನಡಾ ಜಡ್ಜ್ ಹೇಳೋಕೆ ಎಷ್ಟೋ ವರ್ಷ ಮುಂಚೆಯೇ ನಮ್ಮೂರಲ್ಲಿ ಹೆಬ್ಬೆರಳು ಸಹಿ ಆಗಿತ್ತು. ಆದರೆ ಆ ಪದ ಬೈಗುಳ ಕೂಡ. ಓದದವರನ್ನು ಹೆಬ್ಬೆಟ್ಟು ಅಂತಾರೆ, 'ಹೆಬ್ಬೆಟ್ ರಾಮಕ್ಕ' ಅಂತ ಸಿನಿಮಾನೇ ಬಂತು. "ನಾನಂತೂ ಹೆಬ್ಬೆಟ್ಟು, ನೀನಾದ್ರೂ ಓದು" ಅಂತ ಅಜ್ಜಿ ನನಗೆ ಸಾವಿರ ಸಲ ಹೇಳಿದ್ದಾಳೆ. ಅಜ್ಜಿಗೆ ಹೇಳಬೇಡಿ ಅಂತ ನಾನು ಬರೆದದ್ದು ಅದಕ್ಕೇ.

ಯುಗಾದಿಗೆ ಊರಿಗೆ ಹೋಗಲೇಬೇಕಾಯಿತು. ರಾತ್ರಿ ತಡವಾಗಿ ತಲುಪಿದೆ, ಅಪ್ಪ ಮಲಗಿದ್ದರು. ಬೆಳಗ್ಗೆ ನಾನು ಏಳೋಷ್ಟರಲ್ಲಿ ಶೆಡ್‌ಗೆ ಹೋಗಿಯಾಗಿತ್ತು. ಅಮ್ಮ ಟಿಫನ್ ಡಬ್ಬಿ ಕೈಗೆ ಕೊಟ್ಟು, "ಹುಡುಗ ಹಬ್ಬಕ್ಕೆ ಊರಿಗೆ ಹೋಗವ್ನೆ, ನಿಮ್ಮಪ್ಪ ಒಬ್ರೇ ಇದಾರೆ. ಸ್ವಲ್ಪ ಹೊತ್ತು ಅಲ್ಲೇ ಇರು" ಅಂದರು.

ಹನ್ನೆರಡು ಚಕ್ರದ ಲಾರಿಯೊಂದು ನಿಂತಿತ್ತು. ಎಫ್‌ಸಿಗೆ ಹೋಗಬೇಕು, ಹಿಂದಿನ ಲೈಟ್ ಯಾವುದೂ ಸರಿಯಿಲ್ಲ. ಅಪ್ಪ ಲಾರಿ ಕೆಳಗಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ, ಕ್ಯಾಬಿನ್ ಕಡೆ ಕೈ ತೋರಿಸಿದರು. ಅದು ನನಗೆ ಗೊತ್ತಿರೋ ಕೆಲಸ. ಹೈಸ್ಕೂಲ್ ರಜದಲ್ಲಿ ಮಾಡ್ತಿದ್ದೆ. ಕ್ಯಾಬಿನ್‌ನಲ್ಲಿ ಕೂತು ಸ್ವಿಚ್ ಹಾಕೋದು, ಅಪ್ಪ ಹಿಂದೆ ನಿಂತು ಲೈಟ್ ಹತ್ತುತ್ತಾ ಅಂತ ನೋಡೋದು.

ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಓಡ್ತಿತ್ತು, ಹೈವೇ ಸದ್ದು ಬೇರೆ. ಕೂಗಿದರೆ ಏನೂ ಕೇಳಲ್ಲ. ಅಪ್ಪ ನನಗೆ ಕನ್ನಡಿಯಲ್ಲಿ ಕಾಣೋ ಹಾಗೆ ಸ್ವಲ್ಪ ಪಕ್ಕಕ್ಕೆ ಬಂದು ನಿಂತರು. ನಾನು ಎಡಗಡೆ ಇಂಡಿಕೇಟರ್ ಹಾಕಿದೆ.

ಕನ್ನಡಿಯಲ್ಲಿ ಅಪ್ಪನ ಹೆಬ್ಬೆರಳು ಮೇಲೆದ್ದಿತು.

ಬಲಗಡೆ ಹಾಕಿದೆ. ಹೆಬ್ಬೆರಳು. ಪಾರ್ಕಿಂಗ್ ಲೈಟ್. ಹೆಬ್ಬೆರಳು. ಬ್ರೇಕ್ ಒತ್ತಿದೆ, ಅಪ್ಪ ಅಂಗೈ ಆಡಿಸಿದರು, ಇಲ್ಲ. ಬಗ್ಗಿ ಏನೋ ಮಾಡಿದರು, ಎದ್ದು ನಿಂತರು. ಮತ್ತೆ ಒತ್ತಿದೆ. ಮತ್ತೆ ಇಲ್ಲ. ಮತ್ತೆ ಬಗ್ಗಿದರು. ಮೂರನೇ ಸಲ ಒತ್ತಿದಾಗ ಹೆಬ್ಬೆರಳು ಬಂತು.

ನಾನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದೆ. ಕಾಲು ತೆಗೆಯೋದು ಮರೆತುಹೋಗಿತ್ತು. ಸಣ್ಣವನಿದ್ದಾಗಿಂದ ಈ ಕನ್ನಡಿಯಲ್ಲಿ ಈ ಹೆಬ್ಬೆರಳನ್ನು ಎಷ್ಟು ಸಲ ನೋಡಿದ್ದೇನೋ. ಅದರ ಅರ್ಥ ಏನು ಅಂತ ಆಗ ಯಾರಾದರೂ ಕೇಳಿದ್ದರೆ ತಕ್ಷಣ ಹೇಳುತ್ತಿದ್ದೆ. ಕರೆಂಟ್ ಬರ್ತಿದೆ, ಹತ್ತಿದೆ, ಸರಿಯಿದೆ, ಮುಂದಿನದು ಒತ್ತು. ಸದ್ದಿನಲ್ಲಿ ಮಾತು ಕೇಳಿಸದೇ ಇರೋವಾಗ ಅಪ್ಪ ನನಗೆ ಹೇಳೋ ಮಾತು ಅದು. ನಮ್ಮಿಬ್ಬರ ಹಳೇ ವ್ಯವಹಾರ ಅಂದರೆ ಇದೇ. ಅದನ್ನು ಬಿಟ್ಟು ನಾನು ಅವರ ಹೆಬ್ಬೆರಳನ್ನು ನನ್ನ ಕ್ಲಾಸ್ ಗ್ರೂಪ್‌ನ ಡಿಕ್ಷನರಿ ಇಟ್ಟುಕೊಂಡು ಓದಿದ್ದೆ.

ಲಾರಿ ಹೋದ ಮೇಲೆ ಅಪ್ಪ ಸೀಮೆಎಣ್ಣೆಯಲ್ಲಿ ಕೈ ತೊಳೆದು ತಿಂಡಿಗೆ ಕೂತರು. "ಬ್ರೇಕ್ ಲೈಟ್‌ಗೆ ಅರ್ಥಿಂಗ್ ಸಿಗ್ತಿರಲಿಲ್ಲ, ಬೋಲ್ಟ್ ತುಕ್ಕು ಹಿಡಿದಿತ್ತು" ಅಂದರು. ಕರೆಂಟ್ ಬಂದರೆ ಸಾಲದು, ವಾಪಸ್ ಹೋಗೋಕೂ ದಾರಿ ಇರಬೇಕು ಅಂತ ನಾನು ಫೇಲಾದ ಸಬ್ಜೆಕ್ಟಿನ ಮೊದಲ ಪಾಠವನ್ನೇ ಇಡ್ಲಿ ತಿನ್ನುತ್ತಾ ಹೇಳಿದರು. ನಾನು ಧೈರ್ಯ ಮಾಡಿ ಕೇಳಿದೆ.

"ಅಪ್ಪ, ನಾನು ಅವತ್ತು ಕಳಿಸಿದ ಮೆಸೇಜ್ ಓದಿದ್ರಾ?"

"ಓದ್ದೆ. ಎರಡು ಸಲ ಓದ್ದೆ. ಅರ್ಧ ಅರ್ಥ ಆಯ್ತು. ಒಂದು ಸಬ್ಜೆಕ್ಟ್ ಹೋಗಿದೆ, ಮತ್ತೆ ಬರೀತೀಯ, ಅಷ್ಟು ತಿಳೀತು. ಸಾರಿ ಅಂತ ನಾಕು ಕಡೆ ಇತ್ತು. ಅದ್ಯಾಕೆ ಅಂತ ಗೊತ್ತಾಗ್ಲಿಲ್ಲ."

"ಬರೀ ಹೆಬ್ಬೆಟ್ಟು ಹಾಕಿದ್ರಲ್ಲ?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇನ್ನೇನ್ ಹಾಕ್ಬೇಕಿತ್ತು ಮಗ? ನೀನು ಇಂಗ್ಲಿಷಲ್ಲಿ ಬರ್ದಿದ್ದೆ. ನಾನು ಇಂಗ್ಲಿಷಲ್ಲಿ ಬರೆದ್ರೆ ತಪ್ಪಾಗುತ್ತೆ, ನಿನ್ ಫ್ರೆಂಡ್ಸ್ ನೋಡಿದ್ರೆ ಚೆನ್ನಾಗಿರಲ್ಲ. ಕನ್ನಡದಲ್ಲಿ ಬರೆದ್ರೆ ನಿಂಗೆ ಓದಕ್ಕೆ ಬೇಜಾರೇನೋ ಅಂದ್ಕೊಂಡೆ. ಬಂತು, ಓದ್ದೆ, ನಡಿ ಮುಂದೆ, ಅಂತ ಹಾಕ್ದೆ."

ಆಮೇಲೆ ಡಬ್ಬಿ ಮುಚ್ಚುತ್ತಾ, ನನ್ನ ಕಡೆ ನೋಡದೆ, "ನೀನೇ ಫೋನ್ ಮಾಡ್ತೀಯ ಅಂತ ಕಾದೆ. ಮಾಡ್ಲಿಲ್ಲ. ಕೋಪ ಬಂದಿದೆಯೇನೋ ಅಂದ್ಕೊಂಡೆ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಒಂಬತ್ತು ದಿನ ಅವರ ಹೆಬ್ಬೆರಳಿನಲ್ಲಿ ಕೋಪ ಹುಡುಕಿದೆ. ಅವರು ಒಂಬತ್ತು ದಿನ ನನ್ನ ಮೌನದಲ್ಲಿ ಕೋಪ ಹುಡುಕಿದ್ದರು. ಇಬ್ಬರಿಗೂ ಕೋಪ ಇರಲಿಲ್ಲ. ಇಬ್ಬರಿಗೂ ಇದ್ದದ್ದು ಹೆದರಿಕೆ, ಬರೆದರೆ ಎಲ್ಲಿ ಸಣ್ಣವರಾಗಿಬಿಡ್ತೀವೋ ಅಂತ. ಅವರು ಎಮೋಜಿ ಹಿಂದೆ ನಿಂತರು, ನಾನು ಇಂಗ್ಲಿಷ್ ಹಿಂದೆ ನಿಂತೆ.

ಎಮೋಜಿ ಭಾವನೆ ತೋರಿಸುತ್ತೆ ಅಂತಾರಲ್ಲ, ನನಗೀಗ ಅದು ಪೂರ್ತಿ ನಿಜ ಅನ್ನಿಸಲ್ಲ. ಅದು ಹೊತ್ತು ತರೋದು ಒಂದು ನಂಬರ್, ಒಂದು ಹೆಸರು. ಧಾಟಿ ಹಾಕೋದು ಓದೋರು. ಎದುರಿಗಿರೋರ ದನಿ ನೆನಪಿದ್ದರೆ ಆ ದನಿಯಲ್ಲಿ ಓದ್ತೀವಿ. ದನಿ ಮರೆತಿದ್ದರೆ, ನಮ್ಮ ಹೆದರಿಕೆಗೆ ಯಾವ ದನಿ ಇದೆಯೋ ಅದರಲ್ಲಿ ಓದ್ತೀವಿ. ಹಾಸ್ಟೆಲ್‌ಗೆ ಬಂದು ಒಂದೂವರೆ ವರ್ಷದಲ್ಲಿ ನಾನು ಅಪ್ಪನ ಜೊತೆ ಮಾತಾಡಿದ್ದು ಬಹಳ ಕಡಿಮೆ. ದುಡ್ಡು ಬಂತಾ, ಬಂತು. ಊಟ ಆಯ್ತಾ, ಆಯ್ತು. ಅಷ್ಟರಲ್ಲೇ ಅವರ ದನಿ ನನಗೆ ಮಸುಕಾಗಿತ್ತು. ತಪ್ಪು ಎಮೋಜಿಯದ್ದಲ್ಲ.

ಮೊನ್ನೆ ಹಬ್ಬ ಮುಗಿಸಿ ವಾಪಸ್ ಬಂದ ರಾತ್ರಿ ಕೀಬೋರ್ಡ್ ಕನ್ನಡಕ್ಕೆ ಬದಲಾಯಿಸಿ ಅಪ್ಪನಿಗೆ ಮೆಸೇಜ್ ಬರೆದೆ. ಒತ್ತಕ್ಷರ ಹುಡುಕಿ ಹುಡುಕಿ ಮೂರು ಸಾಲಿಗೆ ಹತ್ತು ನಿಮಿಷ ಹಿಡಿಯಿತು. 'ಅಪ್ಪ, ತಲುಪಿದೆ. ಅಜ್ಜಿಗೆ ನಾನೇ ಹೇಳಿದೆ, ಬೈಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅರ್ಥ ಆಗದ್ದನ್ನ ನಿಮ್ಮನ್ನೇ ಕೇಳ್ತೀನಿ.' ಸಾರಿ ಅಂತ ಎಲ್ಲೂ ಹಾಕಲಿಲ್ಲ.

ಬೆಳಗ್ಗೆ 5.40ಕ್ಕೆ ಉತ್ತರ ಬಂದಿತ್ತು. ಒಂದು ಹಳದಿ ಹೆಬ್ಬೆರಳು, ಅಷ್ಟೇ. ಓದಿ ನಗು ಬಂತು.

ನಾನೂ ವಾಪಸ್ ಒಂದು ಹೆಬ್ಬೆಟ್ಟು ಒತ್ತಿ ಕ್ಲಾಸಿಗೆ ಹೋದೆ.